ಶಾಲಿನಡಿಯ ಕೈ

ಶಾಲನ್ನು ಹೆಗಲ ಮೇಲೆ ಹಾಕಿಕೊಂಡೇ ಇರುವುದೋ ಮಡಚಿ ಟ್ರಂಕಿನೊಳಗೆ ಇಡುವುದೋ ಎಂಬುದು ನಾಸಿಕದಿಂದ ಮನ್ಮಾಡಿನವರೆಗೆ ಮೂರು ಸಲ ತೀರ್ಮಾನವಾಗಿ ಮೂರು ಸಲವೂ ಮುರಿದುಬಿತ್ತು. ಮೇ ತಿಂಗಳು. ಬೆಳಗಿನ ಏಳಕ್ಕೇ ಗಾಡಿಯ ತಗಡು ಕಾಯತೊಡಗಿತ್ತು. ಹಾಕಿಕೊಂಡರೆ ಸೆಕೆ, ಒಳಗಿಟ್ಟರೆ ಯಾರೂ ನೋಡುವುದಿಲ್ಲ. ಈ ಬಿಸಿಲಲ್ಲಿ ಉಣ್ಣೆಯ ಶಾಲು ಹೊದ್ದವನನ್ನು ಕಂಡವರು ಒಂದೋ ಜ್ವರದವನು ಅನ್ನಬೇಕು, ಇಲ್ಲವೇ ಹುಚ್ಚ ಅನ್ನಬೇಕು. ಸನ್ಮಾನ ಮಾಡಿಸಿಕೊಂಡು ಬರುತ್ತಿರುವವನು ಎಂದು ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದ ಹೆಂಗಸಿಗೆ ಯಾರು ಹೇಳಬೇಕು? ಆಕೆ ಒಮ್ಮೆ ಶಾಲನ್ನೂ ಒಮ್ಮೆ ಅವನ ಮುಖವನ್ನೂ ನೋಡಿ ಕಿಟಕಿಯ ಕಡೆಗೆ ತಿರುಗಿದಳು. ವಿಶ್ವನಾಥಪ್ಪನಿಗೆ ಅಷ್ಟಕ್ಕೇ ಅವಮಾನವಾಯಿತು. ಐವತ್ತೆರಡು ವರ್ಷದ, ಮೊಂಢಾದಲ್ಲಿ ಎರಡು ಗೋದಾಮುಗಳಿರುವ, ಊರ ನಗರಪಾಲಿಕೆಯ ಮೆಂಬರಾದ ತಾನು, ಶೇಂಗಾ ತಿನ್ನುವ ಹೆಂಗಸಿನ ಒಂದು ನೋಟಕ್ಕೆ ಕುಗ್ಗುವುದೆಂದರೇನು? ಶಾಲನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅದರ ಕೆಳಗೆ ಬಲಗೈ ಬೆವೆತಿತು. ತಕ್ಷಣ ಕೈಯನ್ನು ಹೊರಗೆಳೆದುಕೊಂಡ.

ನಿನ್ನೆ ಸಂಜೆಯೂ ಹೀಗೆಯೇ ಎಳೆದುಕೊಂಡಿದ್ದ. ನಾಸಿಕದಲ್ಲಿ ಕಿಟ್ಟಣ್ಣನ ಹೋಟೆಲಿನ ಮಹಡಿಯ ಮೇಲೆ ಕನ್ನಡದವರು ಐವತ್ತು ಮಂದಿ ಸೇರಿದ್ದರು. ಉಡುಪಿ ಕಡೆಯವರೇ ಹೆಚ್ಚು. ಬೀದರ ಕಡೆಯ ನಾಲ್ಕೈದು ನೌಕರರು ಹಿಂದಿನ ಬೆಂಚಿನಲ್ಲಿ ಕೂತು ಈ ಕರಾವಳಿಯವರ ಕನ್ನಡ ಅರ್ಧ ತಿಳಿದು ಅರ್ಧ ತಿಳಿಯದೆ ನಗುತ್ತಿದ್ದರು. ಮರಾಠಿ ಪತ್ರಿಕೆಯೊಂದರಲ್ಲಿ ಅಂಗೈಯಷ್ಟು ಸುದ್ದಿ ಬಂದಿತ್ತು, ಬರಗಾಲದಲ್ಲಿ ಸದಸ್ಯರ ಭತ್ಯೆ ಏರಿಸುವುದನ್ನು ವ್ಯಾಪಾರಿಯೊಬ್ಬ ತಡೆದನೆಂದು. ಕಿಟ್ಟಣ್ಣ ಅದನ್ನು ಕತ್ತರಿಸಿ ಗಲ್ಲಾದ ಮೇಜಿನ ಗಾಜಿನಡಿ ಇಟ್ಟಿದ್ದ. “ಎಂತ ಕಾಲ ಇದು ಹೇಳಿ ಮಾರಾಯ್ರೆ,” ಎಂದು ಅವನು ಭಾಷಣ ಶುರು ಮಾಡಿದ. “ಊರಿಗೆ ನೀರಿಲ್ಲ. ಕಸ ಗುಡಿಸುವವರಿಗೆ ಎರಡು ತಿಂಗಳ ಸಂಬಳ ಇಲ್ಲ. ಬೀದಿಯ ದೀಪ ಒಂದು ಬಿಟ್ಟು ಒಂದು ಉರಿಯುವುದು. ಖಜಾನೆಯಲ್ಲಿ ದುಡ್ಡಿಲ್ಲ ಅಂತ ಬಜೆಟ್ಟಲ್ಲಿ ಅವರೇ ಬರೆದುಕೊಂಡಿದ್ದಾರೆ. ಆದ್ರೆ ಮೀಟಿಂಗಿಗೆ ಬಂದು ಕೂರುವುದಕ್ಕೆ ಇವರಿಗೆ ಐದು ರೂಪಾಯಿ ಸಾಲದು, ಇಪ್ಪತ್ತು ಬೇಕಂತೆ. ನಮ್ಮವರು ಒಬ್ಬರೇ ಎದ್ದು ನಿಂತು ಬೇಡ ಅಂದ್ರು. ಕೈ ಮುಗೀಬೇಕು ಇವರಿಗೆ.” ಕೈ ಮುಗಿದ. ಶಾಲು ಹೊದಿಸಿದ. ಹೊದಿಸಿದವನು ಉತ್ಸಾಹ ತಡೆಯಲಾರದೆ ಜೋತುಬಿದ್ದ ಸೆರಗಿನಡಿಯಲ್ಲೇ ವಿಶ್ವನಾಥಪ್ಪನ ಬಲಗೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಕೆಂಡ ಮುಟ್ಟಿದವನ ಹಾಗೆ ವಿಶ್ವನಾಥಪ್ಪ ಹಿಂದೆ ಸರಿದ, ಶಾಲು ಜಾರಿ ನೆಲಕ್ಕೆ ಬಿತ್ತು. ಜನ ಪ್ರೀತಿಯಿಂದಲೇ ನಕ್ಕರು. “ದೊಡ್ಡವರಿಗೆ ಹೊಗಳಿಕೆ ಆಗಿಬರುವುದಿಲ್ಲ,” ಎಂದು ಕಿಟ್ಟಣ್ಣ ಶಾಲನ್ನು ಎತ್ತಿ ಕೊಡವಿ ಮತ್ತೆ ಹೊದಿಸಿದ. ಕಿಟ್ಟಣ್ಣನದು ಹಿಟ್ಟು ನಾದಿ ನಾದಿ ಮೆತ್ತಗಾದ ಕೈ. ಆ ಇನ್ನೊಂದು ಕೈ ಹಾಗಿರಲಿಲ್ಲ.

ಮೊಂಢಾ ಅಂದರೆ ಅವನ ಊರಿನ ಧಾನ್ಯದ ಪೇಟೆ. ಅಲ್ಲಿ ದರವನ್ನು ಬಾಯಿಂದ ಹೇಳುವ ರೂಢಿ ಹಿಂದಿನಿಂದಲೂ ಇಲ್ಲ. ಕೊಳ್ಳುವವನು ಮಾರುವವನು ಎದುರೆದುರು ಕೂತು, ನಡುವೆ ಒಂದು ರುಮಾಲು ಹರಡಿ, ಅದರಡಿಯಲ್ಲಿ ಕೈ ಸೇರಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಅದು ಐದೋ ಐವತ್ತೋ ಐನೂರೋ ಎಂಬುದು ಸರಕಿನ ಮೇಲೆ, ಹೊತ್ತಿನ ಮೇಲೆ ಇಬ್ಬರಿಗೂ ತಿಳಿದಿರುತ್ತದೆ. ಸುತ್ತ ನಿಂತವರಿಗೆ ತಿಳಿಯಬಾರದು, ಅಷ್ಟೆ. ಸರಕಾರ ಇದನ್ನು ನಿಲ್ಲಿಸಿ ಕೂಗಿ ಲಿಲಾವು ಮಾಡಿ ಎಂದು ಬೋರ್ಡು ಹಾಕಿಸಿದೆ. ಆ ಬೋರ್ಡಿನ ಕೆಳಗೇ ಕೂತು ಹಳಬರು ಕೈ ಸೇರಿಸುತ್ತಾರೆ. ಇದರಲ್ಲಿ ಇನ್ನೊಂದು ಮಾತಿದೆ. ಕೈ ದರ ಹೇಳುತ್ತಿರುವಾಗ ಬಾಯಿ ಸುಮ್ಮನಿರುವುದಿಲ್ಲ. ಸಾಲದು, ಸತ್ತುಹೋದೆ, ಮಕ್ಕಳಿಗೆ ಏನು ತಿನ್ನಿಸಲಿ, ಎದ್ದು ಹೋಗುತ್ತೇನೆ ಎಂದು ಬಾಯಿ ಅಳುತ್ತಲೇ ಇರುತ್ತದೆ, ಕೈ ವ್ಯಾಪಾರ ಮುಗಿಸಿಬಿಡುತ್ತದೆ. ಬಾಯಿಯನ್ನು ನಂಬಿದವನು ಮೊಂಢಾದಲ್ಲಿ ಬದುಕಲಾರ, ಕೈಯನ್ನು ನಂಬು ಎಂದು ಭಾಲ್ಕಿ ಕಡೆಯಿಂದ ಅವನನ್ನು ಹನ್ನೆರಡನೆಯ ವಯಸ್ಸಿನಲ್ಲಿ ಕರೆತಂದ ಸೋದರಮಾವ ಹೇಳಿಕೊಟ್ಟಿದ್ದ. ನಲವತ್ತು ವರ್ಷ ವಿಶ್ವನಾಥಪ್ಪ ಹಾಗೆಯೇ ಬದುಕಿದ. ಬೆರಳು ಮುಟ್ಟಿದರೆ ಮನುಷ್ಯನ ಹೊಟ್ಟೆಯೊಳಗಿರುವುದು ತಿಳಿಯುತ್ತದೆ ಎಂದು ಅವನಿಗೆ ಗರ್ವವಿತ್ತು. ಈ ಗರ್ವವೇ ಈಗ ಅವನನ್ನು ಹಿಂಸಿಸುತ್ತಿತ್ತು, ಯಾಕೆಂದರೆ ಮೂಟೆ ಹೊರುವ ದೇವದಾಸ ತನ್ನ ಕೈ ಹಿಡಿದಾಗ ಆ ಹಿಡಿತದೊಳಗೆ ಏನಿತ್ತೆಂದು ತಿಳಿಯಲಿಲ್ಲ ಎಂದು ಅವನು ತನಗೇ ಹೇಳಿಕೊಳ್ಳುವಂತಿರಲಿಲ್ಲ.

ಮನ್ಮಾಡಿನಲ್ಲಿ ಇಳಿದು ಸಣ್ಣ ಗಾಡಿಗೆ ಬದಲಾಯಿಸಬೇಕು. ಕೆಂಪಂಗಿಯ ಹಮಾಲನೊಬ್ಬ ಟ್ರಂಕಿಗೆ ಕೈ ಹಾಕಿ ಎಂಟಾಣೆ ಎಂದ. ವಿಶ್ವನಾಥಪ್ಪ ನಾಲ್ಕಾಣೆ ಎಂದ. ಹಮಾಲ ಶಾಲನ್ನು ನೋಡಿ, ಇಷ್ಟು ದೊಡ್ಡ ಶಾಲು ಹೊತ್ತಿದ್ದೀರಿ ಸೇಠ್, ಟ್ರಂಕನ್ನೂ ನೀವೇ ಹೊತ್ತರಾಯಿತು ಎಂದು ಹಿಂದಿಯಲ್ಲಿ ಹೇಳಿ ಹೊರಟುಹೋದ. ಹೊತ್ತ. ಸೇತುವೆಯ ಮೆಟ್ಟಿಲು ಹತ್ತುವಾಗ ಟ್ರಂಕಿನ ಹಿಡಿ ಅಂಗೈಗೆ ಕೊರೆಯಿತು, ಮೇಲೆ ನಿಂತು ಅಂಗೈ ನೋಡಿಕೊಂಡಾಗ ಕೆಂಪು ಗೆರೆ ಎದ್ದಿತ್ತು. ದೇವದಾಸನ ಅಂಗೈಯಲ್ಲಿ ಗೆರೆಯೇ ಉಳಿದಿರಲಿಲ್ಲ. ಮೂಟೆಯ ಕೊಕ್ಕೆ ಹಿಡಿದು ಹಿಡಿದು ಅದೊಂದು ದಡ್ಡುಗಟ್ಟಿದ ಚಪ್ಪಡಿ. ಅವನೂ ಭಾಲ್ಕಿ ಕಡೆಯವನೇ, ವಿಶ್ವನಾಥಪ್ಪನ ಊರವನೇ. ಊರ ಹೊರಗಿನ ಕೇರಿಯವನು. ಇಪ್ಪತ್ತು ವರ್ಷದಿಂದ ಇದೇ ಮೊಂಢಾದಲ್ಲಿ ಮೂಟೆ ಹೊತ್ತವನು. ಕಳೆದ ಚುನಾವಣೆಯಲ್ಲಿ ಹಮಾಲರೆಲ್ಲ ಒಟ್ಟಾಗಿ ತಮಾಷೆಗೋ ಹಟಕ್ಕೋ ಅವನನ್ನು ನಿಲ್ಲಿಸಿ ಗೆಲ್ಲಿಸಿದ್ದರು. ಗೆದ್ದ ದಿನ ಅವನಿಗೆ ಎಲ್ಲರೂ ಹಾರ ಹಾಕಿದರು. ಮರುದಿನದಿಂದ ಯಾರೂ ಮೂಟೆ ಕೊಡಲಿಲ್ಲ. ಮೆಂಬರ್ ಸಾಹೇಬರ ಬೆನ್ನಿಗೆ ಜೋಳ ಹೊರಿಸುವುದುಂಟೇ ಎಂದು ಅಂಗಡಿಯವರೆಲ್ಲ ಕೈ ಮುಗಿದು ನಕ್ಕರು. ವಿಶ್ವನಾಥಪ್ಪನೂ ನಕ್ಕ. ತಿಂಗಳಿಗೆ ಎರಡು ಮೀಟಿಂಗು, ಎರಡು ಸಲ ಐದೈದು ರೂಪಾಯಿ. ಅವನ ಹೆಂಡತಿ ಚಂಪಾ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಾಳೆ ಎಂದು ಯಾರೋ ಹೇಳಿದ್ದರು. ಮೀಟಿಂಗು ಮುಗಿದ ಮೇಲೆ ಚಹಾದ ಜೊತೆ ಕೊಟ್ಟು ಉಳಿದ ಚಿವಡಾವನ್ನು ದೇವದಾಸ ಕಾಗದದಲ್ಲಿ ಕಟ್ಟಿಕೊಳ್ಳುವುದನ್ನು ವಿಶ್ವನಾಥಪ್ಪ ಕಂಡಿದ್ದ, ಕಂಡು ಬೇರೆ ಕಡೆ ನೋಡಿದ್ದ.

ಸಭೆಯ ಹಿಂದಿನ ದಿನ ಮಧ್ಯಾಹ್ನ ದೇವದಾಸ ಅಂಗಡಿಗೆ ಬಂದ. ಆಗಷ್ಟೇ ಒಂದು ತೊಗರಿಯ ವ್ಯಾಪಾರ ಮುಗಿದಿತ್ತು, ರುಮಾಲು ಇನ್ನೂ ವಿಶ್ವನಾಥಪ್ಪನ ಬಲಗೈಯ ಮೇಲೆಯೇ ಇತ್ತು. ಪಕ್ಕದ ಅಂಗಡಿಗಳಲ್ಲಿ ಗಿರಾಕಿಯಿಲ್ಲದೆ ಕೂತವರು ಇತ್ತ ನೋಡುತ್ತಿದ್ದರು.

“ಸಾಹುಕಾರ್ರೆ, ಒಂದು ಮಾತಿತ್ತುರಿ,” ಎಂದ ದೇವದಾಸ. ಮೊಂಢಾದಲ್ಲೆಲ್ಲ ಮರಾಠಿ, ಇವರಿಬ್ಬರ ನಡುವೆ ಮಾತ್ರ ಊರ ಕನ್ನಡ.

“ಹೇಳು.”

“ನಾಳಿನ ಸಭಾದಾಗ ನೀವು ಭತ್ತೆದ ಖಿಲಾಫ್ ಮಾತಾಡ್ತೀರಂತ ಮಂದಿ ಅನ್ಲತ್ತಾರ.”

“ಮಾತಾಡಬ್ಯಾಡ ಅಂತೀಯೇನು?”

“ಅಧ್ಯಕ್ಷರದು ನಿಲ್ಲಿಸ್ರಿ. ಮೋಹನದಾಸ ಸೇಠರದು ನಿಲ್ಲಿಸ್ರಿ, ಅವರಿಗ್ಯಾಕ ಬೇಕದು. ನಂದಷ್ಟ…” ದೇವದಾಸ ಸುತ್ತ ನೋಡಿದ. “ಮೂಟಿ ಯಾರೂ ಕೊಡವಲ್ರು. ನೀವೂ ಕೊಡವಲ್ರಿ. ಮೆಂಬರ್ ಆಗಿ ಭಿಕ್ಷಾ ಬೇಡಲಾಕ ಬರಂಗಿಲ್ಲ. ಹ್ಯಾಂಗ ನಡೀಬೇಕ್ರಿ?”

ಮುಂದಿನದನ್ನು ವಿಶ್ವನಾಥಪ್ಪ ಈ ಹದಿನೈದು ದಿನಗಳಲ್ಲಿ ಎಷ್ಟು ಸಲ ನೆನೆದನೋ. ಕಾಲು ಹಿಡಿಯುವುದಕ್ಕೆ ಬಗ್ಗಿದ ದೇವದಾಸ, ಪಕ್ಕದ ಅಂಗಡಿಯವರ ಕಣ್ಣು ಕಂಡು, ಮೆಂಬರಾದವನು ಪೇಟೆಯ ನಡುವೆ ಕಾಲು ಹಿಡಿಯಬಾರದೆಂದು ನೆನಪಾಗಿ, ಅರ್ಧಕ್ಕೆ ನಿಂತ. ನಿಂತು ರುಮಾಲಿನಡಿಗೆ ತನ್ನ ಕೈ ತೂರಿಸಿ ವಿಶ್ವನಾಥಪ್ಪನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಿಡಿದು ಬಿಡಲಿಲ್ಲ. ಆ ಕೈ ನಡುಗುತ್ತಿತ್ತು. ವಿಶ್ವನಾಥಪ್ಪನ ಮೈ ಮುಳ್ಳೆದ್ದಿತು. ಒಂದು ಕ್ಷಣ, ಒಂದೇ ಕ್ಷಣ, ಅದು ಬರೀ ಅಸಹ್ಯವಾಗಿತ್ತು, ಬೇರೇನೂ ಅಲ್ಲ. ಗಲ್ಲಾದ ಮೇಲೆ ಅಣ್ಣ ಬಸವಣ್ಣನ ಪಟವಿತ್ತು. ನಮ್ಮಲ್ಲಿ ಜಾತಿ ನೋಡುವುದಿಲ್ಲ ಎಂದು ಅವನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದವನು. ಕೈ ಕಿತ್ತುಕೊಂಡು ಧೋತರಕ್ಕೆ ಒರೆಸಿಕೊಂಡ. ದೇವದಾಸ ಅದನ್ನು ನೋಡಿದ. ನೋಡಿ ಹೊರಟುಹೋದ. ಮನೆಗೆ ಬಂದು ವಿಶ್ವನಾಥಪ್ಪ ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದ. ನೀರಿಲ್ಲದ ದಿನಗಳು, ಸುಶೀಲಾಬಾಯಿ ತಂಬಿಗೆ ಹಿಡಿದು ನಿಂತು, “ಏನ ಮುಟ್ಟೀರಿ?” ಎಂದು ಕೇಳಿದಳು. ಅವನು ಕೈ ಒರೆಸಿಕೊಂಡು ಒಳಗೆ ಹೋದ. ಆದರೆ ಆ ಪ್ರಶ್ನೆಗೆ ತನಗಾದರೂ ಒಂದು ಉತ್ತರ ಬೇಕಾಗಿತ್ತು. ಊಟಕ್ಕೆ ಕೂತಾಗ ಉತ್ತರ ಸಿಕ್ಕಿತು: ಐದು ಬೆರಳು. ಇಡೀ ಕೈ. ಐನೂರು. ಬಾಯಿ ಅಳುತ್ತಿತ್ತು, ಕೈ ದರ ಹೇಳುತ್ತಿತ್ತು. ಐನೂರು ಕೊಟ್ಟರೆ ನಿಮ್ಮ ಕಡೆ ಕೈ ಎತ್ತುತ್ತೇನೆ ಎಂದು ಓಟು ಮಾರಲು ಬಂದಿದ್ದ ಹಲ್ಕಟ್. ಆಗ ಅಸಹ್ಯವೆಲ್ಲ ಕೋಪವಾಗಿ, ಕೋಪ ನ್ಯಾಯವಾಗಿ ಮಾರ್ಪಟ್ಟು, ವಿಶ್ವನಾಥಪ್ಪ ಎರಡು ರೊಟ್ಟಿ ಹೆಚ್ಚು ತಿಂದ.

ಸಣ್ಣ ಗಾಡಿ ಮನ್ಮಾಡು ಬಿಟ್ಟು ಸುಟ್ಟ ಬಯಲಿನಲ್ಲಿ ಕುಂಟುತ್ತ ಸಾಗಿತು. ಹಳಿಯ ಪಕ್ಕದಲ್ಲೇ ಕಾಮಗಾರಿಯ ಹೆಂಗಸರು ಸಾಲಾಗಿ ಕೂತು ಕಲ್ಲು ಒಡೆಯುತ್ತಿದ್ದರು. ಗಾಡಿಯನ್ನು ಕಂಡು ಒಬ್ಬಳೂ ತಲೆ ಎತ್ತಲಿಲ್ಲ. ಬರಗಾಲ ವಿಶ್ವನಾಥಪ್ಪನಿಗೆ ಕೆಟ್ಟದ್ದೇನೂ ಮಾಡಿರಲಿಲ್ಲ, ನಿಜ ಹೇಳಬೇಕೆಂದರೆ ದೀಪಾವಳಿಗೆ ಕೊಂಡಿಟ್ಟ ತೊಗರಿಯ ದರ ಹೋಳಿ ಹುಣ್ಣಿಮೆಯ ಹೊತ್ತಿಗೆ ಎರಡರಷ್ಟಾಗಿತ್ತು. ತನ್ನ ಐದು ರೂಪಾಯಿಯ ಭತ್ಯೆಯನ್ನು ಅವನು ಬರಪೀಡಿತರ ನಿಧಿಗೆ ಕೊಟ್ಟು ರಸೀದಿಯನ್ನು ಅಂಗಡಿಯಲ್ಲಿ ತೂಗುಹಾಕಿದ್ದ. ಬೇಡ ಅನ್ನುವುದು ಅವನಿಗೆ ಎಷ್ಟು ಸುಲಭವಾಗಿತ್ತು! ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಎಂದು ಊರಲ್ಲಿ ಮುದುಕಿಯರು ಅನ್ನುತ್ತಿದ್ದುದು ಯಾರನ್ನು ಕುರಿತು ಎಂದು ಚಿಕ್ಕಂದಿನಲ್ಲಿ ಅವನಿಗೆ ತಿಳಿಯುತ್ತಿರಲಿಲ್ಲ.

ಸಭೆಯ ಭಾಷಣವನ್ನು ಮಗ ಸುಧಾಕರ ಬರೆದುಕೊಟ್ಟಿದ್ದ. ಔರಂಗಾಬಾದಿನ ಕಾಲೇಜಿನಲ್ಲಿ ಓದುವ ಹುಡುಗ. ಮನೆಯ ಕನ್ನಡ ಕಿವಿಗೆ ತಿಳಿಯುತ್ತದೆ, ನಾಲಗೆಗೆ ಅಷ್ಟಕ್ಕಷ್ಟೆ, ಮರಾಠಿಯಲ್ಲಾದರೆ ಪಂಡಿತ. ಚೆನ್ನಾಗಿಯೇ ಬರೆದಿದ್ದ. ಖಾಲಿ ಖಜಾನೆ, ಗುಡಿಸುವವರ ಬಾಕಿ ಸಂಬಳ, ಪ್ರತಿನಿಧಿಯ ಧರ್ಮ, ಎಲ್ಲ ಇತ್ತು. ಆದರೆ ಓದುವ ಬಾಯಿ ವಿಶ್ವನಾಥಪ್ಪನದು. ನಲವತ್ತು ವರ್ಷವಾದರೂ ಅವನ ಮರಾಠಿಯಲ್ಲಿ ಭಾಲ್ಕಿಯ ಕಲ್ಲುಗಳಿದ್ದವು, ಮಗನ ಉದ್ದುದ್ದ ಮಾತುಗಳು ಅವುಗಳಿಗೆ ತಾಗಿ ಮುಗ್ಗರಿಸಿದವು. ಎರಡನೆಯ ಪುಟದಲ್ಲಿ ಹಿಂದಿನ ಸಾಲಿನಿಂದ ನಗು ಬಂತು. ಭತ್ಯೆ ಏರಿಸುವ ಠರಾವು ತಂದಿದ್ದ ಮೋಹನದಾಸ, ಬಟ್ಟೆಯ ವ್ಯಾಪಾರಿ, ಸಭೆಯ ಉಪಾಧ್ಯಕ್ಷ, ವಿನಯದಿಂದ ಎದ್ದು, ಸನ್ಮಾನ್ಯ ಸದಸ್ಯರು ತಾವೇ ಬರೆದದ್ದನ್ನು ಮೊದಲ ಸಲ ಓದುತ್ತಿರುವಂತಿದೆ, ನಿಧಾನವಾಗಿ ಓದಲಿ ಎಂದ. ಸಭೆಯೆಲ್ಲ ನಕ್ಕಿತು. ವಿಶ್ವನಾಥಪ್ಪನಿಗೆ ಕಿವಿಯೊಳಗೆ ಗುಯ್ಯೆಂದಿತು. ಅಕ್ಷರಗಳು ಕಾಣಲಿಲ್ಲ. ಕಾಗದವನ್ನು ಮಡಚಿ ಜೇಬಿಗಿಟ್ಟ. ತನಗೆ ಬರುವ ಮರಾಠಿಯಲ್ಲಿ, ಮೊಂಢಾದ ಮರಾಠಿಯಲ್ಲಿ, ಹೇಳಿದ: “ಭತ್ಯೆ ಯಾಕೆ ಏರಿಸಬೇಕು? ನಮ್ಮಲ್ಲಿ ಕೆಲವರಿಗೆ ಬೇರೆ ಆದಾಯವಿದೆ. ನಿನ್ನೆ ಒಬ್ಬ ಸನ್ಮಾನ್ಯ ಸದಸ್ಯರು ನನ್ನ ಅಂಗಡಿಗೆ ಬಂದರು. ರುಮಾಲಿನಡಿ ಕೈ ಹಾಕಿದರು.” ಬಲಗೈ ಎತ್ತಿ ಸಭೆಗೆ ತೋರಿಸಿದ. “ಐದೂ ಬೆರಳು.”

ನಗು ನಿಂತಿತು. ಅದು ನಿಂತದ್ದರಲ್ಲಿ ಎಂಥ ಸುಖವಿತ್ತು! ಸಭೆಯಲ್ಲಿ ಅರ್ಧ ಜನ ಮೊಂಢಾದವರು, ಐದು ಬೆರಳು ಅಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಹಿಂದಿನ ದಿನ ಪಕ್ಕದ ಅಂಗಡಿಯಲ್ಲಿ ಕೂತು ನೋಡಿದವರು ಇಬ್ಬರು ಅಲ್ಲೇ ಇದ್ದರು. ಕತ್ತುಗಳು ಒಂದೊಂದಾಗಿ ಕಡೆಯ ಕುರ್ಚಿಯ ಕಡೆಗೆ ತಿರುಗಿದವು. ದೇವದಾಸ ಎದ್ದು ನಿಂತಿದ್ದ. ಹೆಸರು ಹೇಳಿರಲಿಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ ಎಂದು ವಿಶ್ವನಾಥಪ್ಪ ಒಳಗೊಳಗೇ ಹಿಗ್ಗಿದ. ಇಪ್ಪತ್ತು ವರ್ಷ ಮರಾಠಿ ಆಡಿದ ದೇವದಾಸನಿಗೆ ಆ ಹೊತ್ತಿನಲ್ಲಿ ಮರಾಠಿ ಬರಲಿಲ್ಲ. ವಿಶ್ವನಾಥಪ್ಪನ ಮುಖವನ್ನೇ ನೋಡುತ್ತ ಕನ್ನಡದಲ್ಲಿ, “ಸಾಹುಕಾರ್ರೆ, ನಾ ಕೈ ಹಿಡದಿದ್ದೆ ಅಷ್ಟ. ಮತ್ತೇನೂ ಕೇಳಿಲ್ರಿ,” ಎಂದ.

ಸಭೆಗೆ ತಿಳಿಯುವ ಭಾಷೆಯಲ್ಲಿ ಮಾತನಾಡಬೇಕು ಎಂದರು ಅಧ್ಯಕ್ಷರು. ಮೋಹನದಾಸ ಮತ್ತೆ ವಿನಯದಿಂದ, ವಿಶ್ವನಾಥಪ್ಪನವರಿಗೆ ಆ ಭಾಷೆ ಬರುತ್ತದೆ, ಅವರೇ ಹೇಳಲಿ ಎಂದ. ಎಲ್ಲರೂ ವಿಶ್ವನಾಥಪ್ಪನನ್ನು ನೋಡಿದರು. ಆ ಎರಡು ವಾಕ್ಯ ಹೇಳಿಬಿಟ್ಟಿದ್ದರೆ ಸಾಕಾಗಿತ್ತು. ಇದ್ದದ್ದು ಇದ್ದಹಾಗೆ.

“ಕೈ ಹಿಡಿದದ್ದು ನಿಜ ಅಂತ ಒಪ್ಪುತ್ತಾನೆ,” ಎಂದ ವಿಶ್ವನಾಥಪ್ಪ ಮರಾಠಿಯಲ್ಲಿ.

ದೇವದಾಸನಿಗೆ ಮರಾಠಿ ತಿಳಿಯುವುದಿಲ್ಲವೇ? ಪ್ರತಿಯೊಂದು ಅಕ್ಷರ ತಿಳಿಯಿತು. ಅವನು ಕೂತುಬಿಟ್ಟ. ಐದು ರೂಪಾಯಿಯೋ ಐನೂರೋ ಎಂದು ಯಾರೋ ಕೇಳಿದರು. ಠರಾವನ್ನು ಓಟಿಗೆ ಹಾಕಿದಾಗ ಪರವಾಗಿ ಎದ್ದ ಕೈಗಳು ಒಂಬತ್ತು. ವಿರೋಧವಾಗಿ ಒಂಬತ್ತು. ಹತ್ತನೆಯದು ಕಡೆಯ ಕುರ್ಚಿಯಿಂದ ನಿಧಾನವಾಗಿ ಮೇಲೆದ್ದಿತು. ತನ್ನ ಅನ್ನಕ್ಕೆ ವಿರೋಧವಾಗಿ ದೇವದಾಸ ಕೈ ಎತ್ತಿದ್ದ, ತಾನು ಮಾರಾಟಕ್ಕಿಲ್ಲ ಎಂದು ತೋರಿಸುವುದಕ್ಕೆ. ಹಾಗೆ ಎತ್ತಿದ್ದರಿಂದಲೇ ಅವನು ಪೂರ್ತಿ ಹಾಳಾದ. ನೋಡಿದಿರಾ, ವ್ಯಾಪಾರ ಕುದುರಿದೆ ಎಂದ ಹಿಂದಿನ ಸಾಲಿನವನು; ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು, ವಿಶ್ವನಾಥಪ್ಪನ ಪಕ್ಷದವರು, ಮೋಹನದಾಸನ ಪಕ್ಷದವರು ಎಲ್ಲರೂ ಸೇರಿ. ಹೊರಗೆ ಬಂದ ಮೇಲೆ ಮೋಹನದಾಸ ಸೋತವನ ಹಾಗೆ ಕಾಣಲಿಲ್ಲ. ವಿಶ್ವನಾಥಪ್ಪನ ಬೆನ್ನು ತಟ್ಟಿ, ಭತ್ಯೆಗೇನು, ಮಳೆಯಾದ ಮೇಲೆ ಬೇರೆ ಹೆಸರಿನಲ್ಲಿ ತೆಗೆದುಕೊಂಡರಾಯಿತು, ಆದರೆ ನೀರಿನ ಟ್ಯಾಂಕರುಗಳ ಗುತ್ತಿಗೆ ಯಾರ ಭಾವಮೈದುನನಿಗೆ ಹೋಯಿತೆಂದು ದೇವದಾಸ ಪ್ರತಿ ಮೀಟಿಂಗಿನಲ್ಲೂ ಕೇಳುತ್ತಿದ್ದನಲ್ಲ, ಆ ಬಾಯಿ ಮುಚ್ಚಿಸಿದಿರಿ, ಉಪಕಾರವಾಯಿತು ಎಂದ. ಅದು ಯಾರ ಭಾವಮೈದುನ ಎಂದು ಊರಿಗೆಲ್ಲ ಗೊತ್ತಿತ್ತು. ವಿಶ್ವನಾಥಪ್ಪ ನಗಬಾರದೆಂದುಕೊಂಡರೂ ನಕ್ಕ.

ಔರಂಗಾಬಾದಿನಲ್ಲಿ ಗಾಡಿ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಸುಧಾಕರ ಪ್ಲಾಟ್‌ಫಾರ್ಮಿನಲ್ಲಿ ಕಾದಿದ್ದ, ಕೈಯಲ್ಲಿ ನೀರಿನ ಸುರಾಹಿ. ಅಪ್ಪ ಮಗನಿಗೆ ಕಾಣಲೆಂದು ಶಾಲನ್ನು ಮತ್ತೆ ಹೆಗಲಿಗೆ ಏರಿಸಿಕೊಂಡ. ಮಗ ಅದನ್ನು ನೋಡಲಿಲ್ಲ.

“ಬಾಬಾ, ದೇವದಾಸಕಾಕಾ ರಾಜೀನಾಮಾ ಕೊಟ್ಟಾರ. ಮಾಲೂಮ್ ಅದ ಏನು?”

“ಯಾವಾಗ?”

“ನೀವು ನಾಸಿಕಕ ಹೋದ್ರಿ, ಅದೇ ದಿನ. ಈಗ ಮತ್ತ ಹಮಾಲಿ ಮಾಡ್ಲತ್ತಾರ.” ಹುಡುಗ ಕನ್ನಡದ ಪದಗಳಿಗಾಗಿ ತಡವರಿಸಿ, ಬೇಸತ್ತು ಮರಾಠಿಗೆ ತಿರುಗಿದ. ಆ ಬೆರಳಿನ ಮಾತನ್ನು ನಾನು ಬರೆದಿರಲಿಲ್ಲ ಎಂದ. ನನ್ನ ಭಾಷಣದಲ್ಲಿ ಅದು ಇರಲಿಲ್ಲ, ಕಾಲೇಜಿನಲ್ಲಿ ಎಲ್ಲರೂ ನಾನು ಬರೆದದ್ದು ಎಂದುಕೊಂಡಿದ್ದಾರೆ. ಆಮೇಲೆ ಮತ್ತೆ ಕನ್ನಡದಲ್ಲಿ, ಸಣ್ಣ ಮಕ್ಕಳು ಕೇಳುವ ಹಾಗೆ, “ಅವರು ಖರೇನ ರೊಕ್ಕ ಕೇಳಿದ್ರೇನು ಬಾಬಾ?”

“ಮೊಂಢಾದಾಗ ಇಪ್ಪತ್ತು ವರ್ಷ ಇದ್ದಾಂವಗ ಬೆರಳಿನ ಲೆಕ್ಕ ಗೊತ್ತಿರಲ್ಲೇನು?”

“ಅದ ಕೇಳ್ಲಿಲ್ಲ ನಾ,” ಎಂದ ಸುಧಾಕರ. ಸುರಾಹಿಯನ್ನು ಕಿಟಕಿಯೊಳಗೆ ಇಟ್ಟು, ಗಾಡಿ ಹೊರಡುವ ಮುಂಚೆಯೇ ಹೊರಟುಹೋದ. ವಿಶ್ವನಾಥಪ್ಪ ನೀರು ಕುಡಿದ. ಉಳಿದ ಎರಡು ಸ್ಟೇಷನ್ನುಗಳುದ್ದಕ್ಕೂ ಅವನು ಮಗನಿಗೆ ಉತ್ತರ ಕೊಡುತ್ತಲೇ ಇದ್ದ, ತುಟಿಗಳು ಅಲುಗುತ್ತಿದ್ದವು. ದರ ಹೇಳುವವನು ಬೆರಳು ಒತ್ತಿ ಬಿಡುತ್ತಾನೆ. ಒತ್ತುತ್ತಾನೆ, ಬಿಡುತ್ತಾನೆ, ಮುಖ ನೋಡುತ್ತಾನೆ. ಹಾಗೆ ಹಿಡಿದುಕೊಂಡೇ ಇರುವುದಿಲ್ಲ. ಹಾಗೆ ನಡುಗುವುದಿಲ್ಲ. ಇದು ಅವನಿಗೆ ರುಮಾಲಿನಡಿಯಲ್ಲೇ, ಆ ಕ್ಷಣದಲ್ಲೇ ಗೊತ್ತಿತ್ತು. ಗೊತ್ತಿದ್ದೇ ಎರಡು ರೊಟ್ಟಿ ಹೆಚ್ಚು ತಿಂದದ್ದು. ಇಷ್ಟನ್ನು ಒಪ್ಪಿಕೊಂಡಾಗ ಅವನಿಗೆ ಅಳು ಬರುವಂತಾಯಿತು, ಅಳು ಬರುವಂತಾದದ್ದಕ್ಕೆ ತನ್ನ ಮೇಲೆ ಸ್ವಲ್ಪ ಅಭಿಮಾನವೂ ಆಯಿತು. ಮನೆಗೆ ಹೋಗದೆ ನೇರವಾಗಿ ಅಂಗಡಿಗೆ ಹೋಗಬೇಕು. ದೇವದಾಸನನ್ನು ಕರೆಸಬೇಕು. ತಪ್ಪಾಯಿತು ಅನ್ನಬೇಕು. ಒಂದೇ ಮಾತು. ಅದನ್ನು ಅನ್ನುವ ತನ್ನ ಮುಖ ಹೇಗಿರುತ್ತದೆಂದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಕರೆಸಬೇಕಾಗಲಿಲ್ಲ. ಅಂಗಡಿಯ ಮುಂದೆಯೇ ಲಾರಿ ನಿಂತಿತ್ತು, ಅಮೆರಿಕದ ಕೆಂಪು ಜೋಳ ಇಳಿಯುತ್ತಿತ್ತು. ನಾಲ್ಕು ಜನ ಹಮಾಲರು, ಮೂರನೆಯವನು ದೇವದಾಸ. ಮೆಂಬರಾಗಿದ್ದಾಗ ಹಾಕುತ್ತಿದ್ದ ಬಿಳಿ ಅಂಗಿಯನ್ನೇ ಹಾಕಿದ್ದ. ಬೆನ್ನಿನ ಕಡೆ ಅದು ಗೋಣಿ ಉಜ್ಜಿ ಹರಿದಿತ್ತು. ಮುನೀಮ ಮೂಟೆ ಎಣಿಸುತ್ತ ಕೂತಿದ್ದವನು ಯಜಮಾನರನ್ನು, ಯಜಮಾನರ ಶಾಲನ್ನು ಕಂಡು ಎದ್ದು ನಮಸ್ಕಾರ ಮಾಡಿದ. ಪಕ್ಕದ ಅಂಗಡಿಗಳವರೂ ಎದ್ದರು. ಸುದ್ದಿ ಎಲ್ಲರಿಗೂ ತಲುಪಿತ್ತು. ಎಲ್ಲಿ ನೋಡೋಣ ಎಂದು ಒಬ್ಬ ಶಾಲಿನ ಅಂಚನ್ನು ಮುಟ್ಟಿ ನೋಡಿದ. ದೇವದಾಸ ಮೂಟೆ ಇಳಿಸಿ ಗೋದಾಮಿನಿಂದ ಹೊರಗೆ ಬಂದ. ಎದುರೆದುರಾದರು.

ತಪ್ಪಾಯಿತು ಎಂಬ ಮಾತು ಗಂಟಲಿನವರೆಗೆ ಬಂದದ್ದು ನಿಜ. ಆದರೆ ಇಷ್ಟು ಜನ. ಜನರ ನಡುವೆ ಹೇಳಲಾಗದ್ದನ್ನು ಹೇಳುವ ಒಂದೇ ಒಂದು ದಾರಿ ವಿಶ್ವನಾಥಪ್ಪನಿಗೆ ಗೊತ್ತಿತ್ತು, ಹನ್ನೆರಡನೆಯ ವಯಸ್ಸಿನಿಂದ. ಹೆಗಲ ಶಾಲನ್ನು ಇಳಿಸಿ ಬಲಗೈಯ ಮೇಲೆ ಹಾಕಿಕೊಂಡ. ಅದರಡಿಯಿಂದ ಕೈ ಚಾಚಿ ದೇವದಾಸನ ಕೈಯನ್ನು ಹಿಡಿದ, ಇಡೀ ಕೈಯನ್ನು, ಗಟ್ಟಿಯಾಗಿ. ಹಿಡಿದೇ ನಿಂತ. ಅವನು ಹಿಡಿದಿದ್ದ ಹಾಗೆಯೇ ಹಿಡಿದಿದ್ದೇನೆ, ಅವನಿಗೆ ತಿಳಿಯುತ್ತದೆ ಎಂದುಕೊಂಡ. ದಡ್ಡುಗಟ್ಟಿದ ಆ ಕೈ ಅಲುಗಲಿಲ್ಲ, ನಡುಗಲಿಲ್ಲ. ಲಾರಿಯ ಮೇಲಿದ್ದವನು ಮೂಟೆ ಎತ್ತುವುದನ್ನು ನಿಲ್ಲಿಸಿ ನೋಡಿದ. ಮುನೀಮ ಬಾಯಿ ತೆರೆದು ನಿಂತ.

“ಬೆರಳಿನ ಲೆಕ್ಕ ನನಗ ಬರಂಗಿಲ್ರಿ ಸಾಹುಕಾರ್ರೆ,” ಎಂದ ದೇವದಾಸ. ಈ ಸಲ ಮರಾಠಿಯಲ್ಲೇ, ಎಲ್ಲರಿಗೂ ಕೇಳುವಂತೆ, ಅದನ್ನೇ ಇನ್ನೊಮ್ಮೆ ಹೇಳಿದ. ಇಪ್ಪತ್ತು ವರ್ಷ ಹೊರಗಿನಿಂದ ರುಮಾಲು ನೋಡಿದ್ದೇನೆ, ಒಳಗೆ ಏನು ನಡೆಯುತ್ತದೆಂದು ಹಮಾಲರಿಗೆ ಯಾರು ಕಲಿಸುತ್ತಾರೆ ಎಂದ. ಆಮೇಲೆ ಮತ್ತೆ ಕನ್ನಡದಲ್ಲಿ, ಮೆಲ್ಲಗೆ, “ಎಷ್ಟಂತ ಬಾಯಿಲೆ ಹೇಳ್ರಿ.”

ಎಲ್ಲರೂ ಕಾದರು. ವಿಶ್ವನಾಥಪ್ಪ ಬಾಯಿ ತೆರೆದ. ನಲವತ್ತು ವರ್ಷ ಮೊಂಢಾದಲ್ಲಿ ಪಳಗಿದ ಬಾಯಿ, ಅದಕ್ಕೆ ಬರುವುದನ್ನೇ ಅದು ಹೇಳಿತು.

“ಮೂಟಿಗೆ ಐದು ಪೈಸಾ ಹೆಚ್ಚಿಗಿ ತಗೊ.”

ದೇವದಾಸ ಕೈಯನ್ನು ಹೊರಗೆ ತೆಗೆದ. ಒಂದು ಗಳಿಗೆ ಅವನು ನಗುತ್ತಾನೇನೋ ಅನ್ನಿಸಿತು. “ಬ್ಯಾಡ್ರಿ,” ಎಂದ. “ದುಷ್ಕಾಳ ಐತಿ. ಹೆಚ್ಚಿಗಿ ತಗೋಬಾರದು.” ಲಾರಿಯ ಕಡೆಗೆ ನಡೆದು, ಬೆನ್ನು ಕೊಟ್ಟು ಬಗ್ಗಿ ನಿಂತ. ಮೇಲಿನವನು ಮೂಟೆಯನ್ನು ಇಳಿಸಿದ.

ಮುನೀಮ ಹತ್ತಿರ ಬಂದು ಪಿಸುಗುಟ್ಟಿದ: ಐದು ಪೈಸೆ ನಾಲ್ವರಿಗೂ ಬರೆಯಲೇ, ಅವನೊಬ್ಬನಿಗೇ ಬರೆಯಲೇ?

“ಬೇಡ ಅಂದನಲ್ಲ. ಬಿಡು,” ಎಂದ ವಿಶ್ವನಾಥಪ್ಪ. ಅಂದ ಕೂಡಲೇ ಎದೆ ಹಗುರಾಯಿತು. ಹಗುರಾದದ್ದು ಐದು ಪೈಸೆ ಉಳಿದದ್ದಕ್ಕೆ ಎಂದು ತಿಳಿದು ಅವನಿಗೆ ತನ್ನ ಮೇಲೆ ಹೇಸಿಕೆ ಬಂತು, ಹೇಸಿಕೆ ಬಂದ ಮೇಲೂ ಹಗುರ ಹಾಗೆಯೇ ಇತ್ತು. ಪಕ್ಕದ ಅಂಗಡಿಯವನು ಏನೋ ಕೇಳಿದ. ಅತ್ತ ತಿರುಗುವಾಗ ವಿಶ್ವನಾಥಪ್ಪನ ಕಣ್ಣು ಲಾರಿಯ ಕಡೆ ಹೋಯಿತು. ಮೂಟೆಯ ಕೆಳಗಿನಿಂದ ದೇವದಾಸ ಅವನ ಕೈಯನ್ನೇ ನೋಡುತ್ತಿದ್ದ. ವಿಶ್ವನಾಥಪ್ಪ ತಾನೂ ನೋಡಿಕೊಂಡ. ಬಲಗೈಯನ್ನು ಅವನು ಆಗಿನಿಂದಲೂ ಶಾಲಿಗೆ ಒರೆಸಿಕೊಳ್ಳುತ್ತಿದ್ದ.